ಫ್ರಿಜ್ಜಿನೊಳಗೆ ಹಿಗ್ಗುವುದು ಏನು? ಒಂದು ಬೋಧನಾಭ್ಯಾಸದ ಪಾಠ ಮತ್ತು ನನ್ನ ಹಳೆಯ ಟಿಪ್ಪಣಿ

ಕಳೆದ ಸೆಮಿಸ್ಟರಿನ ಬೋಧನಾಭ್ಯಾಸದ ಎರಡನೇ ವಾರ. ಒಂಬತ್ತನೇ ತರಗತಿ, ಊಟದ ಬಿಡುವಿನ ಹಿಂದಿನ ಅವಧಿ, ದ್ರವ್ಯದ ಸ್ಥಿತಿಗಳ ಪಾಠ. ನನ್ನ ಮಾರ್ಗದರ್ಶನದಲ್ಲಿದ್ದ ಪ್ರಶಿಕ್ಷಣಾರ್ಥಿ ಪಾಠವನ್ನು ಚೆನ್ನಾಗಿಯೇ ನಡೆಸುತ್ತಿದ್ದರು. ಮಕ್ಕಳ ಅಂಗೈಗೆ ಒಂದೊಂದು ಹನಿ ಸ್ಪಿರಿಟ್ ಹಾಕಿದರು, ಮಣ್ಣಿನ ಮಡಕೆಯ ನೀರಿನ ಮಾತು ಬಂತು, ಗುಪ್ತೋಷ್ಣದ ವ್ಯಾಖ್ಯೆ ಕಪ್ಪುಹಲಗೆಯ ಮೇಲೆ ಬಂತು. ಕೊನೆಯ ಏಳೆಂಟು ನಿಮಿಷ ಅನ್ವಯಕ್ಕೆಂದು ಇಟ್ಟುಕೊಂಡಿದ್ದರು. ಉದಾಹರಣೆ ಫ್ರಿಜ್.

"ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ, ಆಗ ಅದು ಬಿಸಿಯಾಗುತ್ತದೆ. ಆಮೇಲೆ ಆ ಅನಿಲ ಕ್ಯಾಪಿಲರಿ ಎಂಬ ಸಣ್ಣ ಕೊಳವೆಯಿಂದ ಹೊರಗೆ ಬಂದು ಥಟ್ಟನೆ ಹಿಗ್ಗುತ್ತದೆ, ಹಿಗ್ಗಿದ್ದರಿಂದ ತಣ್ಣಗಾಗುತ್ತದೆ. ಇದನ್ನು ಅಡಿಯಾಬ್ಯಾಟಿಕ್ ವಿಕಾಸ ಅಂತಾರೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ತಣ್ಣಗಿರುತ್ತಲ್ಲ, ಹಾಗೆ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಕ್ಯಾಪಿಲರಿ ಒಳಗೆ ಗ್ಯಾಸ್ ಹೋಗಲ್ಲ. ಲಿಕ್ವಿಡ್ ಹೋಗೋದು." ಅವನ ಸೋದರಮಾವನದು ಫ್ರಿಜ್ ರಿಪೇರಿ ಅಂಗಡಿ ಎಂದು ಆಮೇಲೆ ತಿಳಿಯಿತು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ನನ್ನ ಮುಂದಿದ್ದ ವೀಕ್ಷಣಾ ಹಾಳೆಯ ಕಡೆ ನೋಡಿದೆ. "ಅದೆಲ್ಲ ಮುಂದಿನ ತರಗತೀಲಿ ಬರುತ್ತೆ, ಈಗ ಕೂತ್ಕೋ" ಎಂದು ಅವರು ಪಾಠ ಮುಗಿಸಿದರು. ಹುಡುಗ ಕೂತ.

'ವಿಷಯ ಪ್ರಭುತ್ವ' ಎಂಬ ಕಲಮಿನ ಎದುರು ನನ್ನ ಪೆನ್ನು ನಿಂತಿತು. ಅಂಕ ಕಳೆಯಬೇಕಿತ್ತು, ಆದರೆ ಯಾರ ಅಂಕ? ಆ ನಾಲ್ಕು ವಾಕ್ಯಗಳು, ಸೈಕಲ್ ಟ್ಯೂಬಿನ ಹೋಲಿಕೆಯ ಸಮೇತ, ನಾನು ವರ್ಷ ವರ್ಷವೂ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದ ಟಿಪ್ಪಣಿಯಿಂದಲೇ ಬಂದಿದ್ದವು. ಸಿಬ್ಬಂದಿ ಕೊಠಡಿಯಲ್ಲಿ ಅವರು ಮೆಲ್ಲಗೆ ಕೇಳಿದರು: "ಸರ್, ಆ ಹುಡುಗ ಹೇಳಿದ್ದು ಸರೀನಾ? ನಿಮ್ಮ ನೋಟ್ಸಲ್ಲಿ ಹೀಗೇ ಇತ್ತು." "ನಾಳೆ ಹೇಳ್ತೀನಮ್ಮ" ಎಂದೆ. ಆ ರಾತ್ರಿ ಕೂತು ಬರೆದುಕೊಂಡದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಇದೇ ಟಿಪ್ಪಣಿ ಬೇರೆ ಕಾಲೇಜುಗಳಿಗೂ ಹೋಗಿರಬಹುದು ಎಂಬ ಅಳುಕು ನನಗಿದೆ.

ಮೊದಲು ಪದದ ತೊಡಕು. ಅಡಿಯಾಬ್ಯಾಟಿಕ್ ಎಂದರೆ ವ್ಯವಸ್ಥೆಯೊಳಗೆ ಹೊರಗಿನಿಂದ ಉಷ್ಣ ಬರುವುದಿಲ್ಲ, ಒಳಗಿನಿಂದ ಹೊರಗೆ ಹೋಗುವುದೂ ಇಲ್ಲ ಎಂದಷ್ಟೇ ಅರ್ಥ. ಕನ್ನಡದಲ್ಲಿ 'ಸ್ಥಿರೋಷ್ಣ' ಎಂದು ಬರೆದಾಗ ಮಕ್ಕಳು ಅದನ್ನು 'ತಾಪ ಬದಲಾಗದ' ಎಂದೇ ಓದಿಕೊಳ್ಳುತ್ತಾರೆ. ಮನೆಮಾತಿನಲ್ಲಿ ಉಷ್ಣ, ತಾಪ, ಬಿಸಿ ಎಲ್ಲ ಒಂದೇ ಆಗಿರುವುದರಿಂದ ಅವರ ತಪ್ಪೇನೂ ಇಲ್ಲ. ತಾಪ ಬದಲಾಗದ ಪ್ರಕ್ರಿಯೆ ಬೇರೆಯೇ ಇದೆ, ಅದು ಸಮತಾಪ ಪ್ರಕ್ರಿಯೆ. ಹಾಗಾಗಿ ನಾನು ಈಗ 'ಅಡಿಯಾಬ್ಯಾಟಿಕ್' ಎಂದೇ ಹೇಳಿ, ಪಕ್ಕದಲ್ಲಿ 'ಉಷ್ಣದ ಕೊಡು-ಕೊಳ್ಳು ಇಲ್ಲದ' ಎಂದು ಸೇರಿಸುತ್ತೇನೆ.

ಇನ್ನು ವಿಷಯ. ಅನಿಲ ಹಿಗ್ಗಿದರೆ ತಣ್ಣಗಾಗುತ್ತದೆ ಎಂಬ ಮಾತು ಅರ್ಧ ಮಾತ್ರ. ಅನಿಲ ಹಿಗ್ಗುವಾಗ ಏನನ್ನಾದರೂ ತಳ್ಳಿ ಕೆಲಸ ಮಾಡಿದರೆ ತಣ್ಣಗಾಗುತ್ತದೆ ಎಂಬುದು ಪೂರ್ತಿ ಮಾತು. ಕೆಲಸಕ್ಕೆ ಬೇಕಾದ ಶಕ್ತಿ ಹೊರಗಿನಿಂದ ಬರದಿದ್ದರೆ ಅನಿಲದ ಆಂತರಿಕ ಶಕ್ತಿಯಿಂದಲೇ ಬರಬೇಕು, ಆಗ ತಾಪ ಇಳಿಯುತ್ತದೆ. ಮಕ್ಕಳಿಗೆ ಕ್ರಿಕೆಟ್ ಸಾಕು. ವೇಗದ ಚೆಂಡಿಗೆ ಬ್ಯಾಟನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಆಡಿದರೆ ಚೆಂಡು ವೇಗ ಕಳೆದುಕೊಂಡು ಕಾಲ ಬಳಿಯೇ ಬೀಳುತ್ತದೆ. ಹಿಂದೆ ಸರಿಯುತ್ತಿರುವ ಪಿಸ್ಟನ್ನಿಗೆ ಬಡಿದ ಅಣುವೂ ಹೀಗೆಯೇ ನಿಧಾನವಾಗಿ ಮರಳುತ್ತದೆ. ಅಣುಗಳೆಲ್ಲ ನಿಧಾನವಾದರೆ ಅನಿಲ ತಣ್ಣಗಾಯಿತು ಎಂದರ್ಥ. ಪಿಸ್ಟನ್ ಎದುರು ಬಂದರೆ ಅಣು ವೇಗ ಪಡೆದು ಮರಳುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಇದರಿಂದ.

ಲೆಕ್ಕ ಹೇಳಿದರೆ ಇದರ ಬಲ ತಿಳಿಯುತ್ತದೆ. ಗಾಳಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, 2 ವಾತಾವರಣ ಒತ್ತಡದಲ್ಲಿಟ್ಟು, ಉಷ್ಣದ ಕೊಡು-ಕೊಳ್ಳು ಇಲ್ಲದೆ ಪಿಸ್ಟನ್ ತಳ್ಳುತ್ತಾ 1 ವಾತಾವರಣ ಒತ್ತಡಕ್ಕೆ ಹಿಗ್ಗಿಸಿದರೆ, ಗಾಮಾ 1.4 ಎಂದು ಹಿಡಿದಾಗ ತಾಪ ಸುಮಾರು 246 ಕೆಲ್ವಿನ್‌ಗೆ ಇಳಿಯುತ್ತದೆ. ಸೊನ್ನೆಗಿಂತ 27 ಡಿಗ್ರಿ ಕೆಳಗೆ! ಈ ಅಂಕಿಯೇ ನನ್ನನ್ನು ವರ್ಷಗಟ್ಟಲೆ ದಾರಿ ತಪ್ಪಿಸಿತ್ತು. ಇಷ್ಟು ತಂಪು ಸಿಗುವಾಗ ಫ್ರಿಜ್ಜಿಗೆ ಇದೇ ಕಾರಣವಿರಬೇಕು ಎಂದುಕೊಂಡಿದ್ದೆ.

ಆದರೆ ಕ್ಯಾಪಿಲರಿಯಲ್ಲಿ ಪಿಸ್ಟನ್ ಎಲ್ಲಿದೆ? ತಿರುಗುವ ಚಕ್ರ ಎಲ್ಲಿದೆ? ಅದು ಒಂದು ಮಿಲಿಮೀಟರಿಗಿಂತ ಕಿರಿದಾದ ರಂಧ್ರವಿರುವ, ಸುರುಳಿ ಸುತ್ತಿಟ್ಟ ತಾಮ್ರದ ಕೊಳವೆ, ಅಷ್ಟೇ. ಅದರಲ್ಲಿ ಹರಿಯುವ ವಸ್ತು ಹೊರಗಿನ ಯಾವ ಯಂತ್ರಕ್ಕೂ ಕೆಲಸ ಮಾಡಿಕೊಡುವುದಿಲ್ಲ.

ಇಲ್ಲಿ ಜೇಮ್ಸ್ ಜೂಲ್‌ನನ್ನು ಕರೆಯಬೇಕು. 1845ರಲ್ಲಿ ಆತ ಎರಡು ತಾಮ್ರದ ಪಾತ್ರೆಗಳನ್ನು ಕೊಳವೆಯಿಂದ ಜೋಡಿಸಿ, ಒಂದರಲ್ಲಿ ಸುಮಾರು 22 ವಾತಾವರಣ ಒತ್ತಡದ ಗಾಳಿ ತುಂಬಿ, ಇನ್ನೊಂದನ್ನು ನಿರ್ವಾತ ಮಾಡಿ, ಎರಡನ್ನೂ ನೀರಿನಲ್ಲಿ ಮುಳುಗಿಸಿಟ್ಟ. ನಡುವಿನ ತಿರುಪು ತೆರೆದ. ಗಾಳಿ ಧಾವಿಸಿ ಹಿಗ್ಗಿತು, ನೀರಿನ ತಾಪ ಮಾತ್ರ ಅಳೆಯುವಷ್ಟು ಬದಲಾಗಲಿಲ್ಲ. ಗಾಳಿ ತಳ್ಳಲು ಎದುರಿಗೆ ಏನೂ ಇರಲಿಲ್ಲ. ನೀರಿನ ರಾಶಿ ದೊಡ್ಡದಾಗಿದ್ದರಿಂದ ಸಣ್ಣ ಬದಲಾವಣೆ ಕಾಣುವಂತಿರಲಿಲ್ಲ ಎಂಬುದೂ ನಿಜ. ಅದಕ್ಕೇ 1852ರ ಹೊತ್ತಿಗೆ ಜೂಲ್ ಮತ್ತು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಕೂಡಿ ಇನ್ನೊಂದು ಏರ್ಪಾಡು ಮಾಡಿದರು. ಸಣ್ಣ ಸಣ್ಣ ರಂಧ್ರಗಳ ಬಿರಡೆಯ ಮೂಲಕ ಅನಿಲವನ್ನು ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ನಿಧಾನವಾಗಿ ಹರಿಸಿದರು. ಕೋಣೆಯ ತಾಪದ ಗಾಳಿ ಹೀಗೆ ಹರಿದರೆ ಒಂದು ವಾತಾವರಣ ಒತ್ತಡ ಇಳಿದಾಗ ತಾಪ ಇಳಿಯುವುದು ಸುಮಾರು ಕಾಲು ಡಿಗ್ರಿ. ಪಿಸ್ಟನ್ ತಳ್ಳಿದ್ದರೆ 2ರಿಂದ 1ಕ್ಕೆ ಇಳಿಯುವಾಗ 54 ಡಿಗ್ರಿ. ಬಿರಡೆಯ ಮೂಲಕ ನುಸುಳಿದರೆ ಕಾಲು ಡಿಗ್ರಿ! ಆ ಕಾಲು ಡಿಗ್ರಿಯೂ ಅಣುಗಳ ನಡುವಿನ ಸೆಳೆತದಿಂದ ಬಂದದ್ದು. ಆದರ್ಶ ಅನಿಲವಾಗಿದ್ದರೆ ಅದೂ ಇಲ್ಲ. ಜಲಜನಕವಂತೂ ಕೋಣೆಯ ತಾಪದಲ್ಲಿ ಹೀಗೆ ನುಸುಳಿದರೆ ತುಸು ಬಿಸಿಯೇ ಆಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಪಿಸ್ಟನ್ ತಳ್ಳುವ ವಿಕಾಸ, ನಿರ್ವಾತಕ್ಕೆ ನುಗ್ಗುವ ವಿಕಾಸ, ಬಿರಡೆಯಲ್ಲಿ ನುಸುಳುವ ವಿಕಾಸ ಮೂರನ್ನೂ ಉಷ್ಣದ ಕೊಡು-ಕೊಳ್ಳು ಇಲ್ಲದೆ ನಡೆಸಬಹುದು. ಅಂದರೆ ಮೂರೂ ಅಡಿಯಾಬ್ಯಾಟಿಕ್. ಆದ್ದರಿಂದ 'ಅಡಿಯಾಬ್ಯಾಟಿಕ್, ಅದಕ್ಕೇ ತಂಪು' ಎಂಬುದು ವಿವರಣೆಯೇ ಅಲ್ಲ. ತಾಪ ಎಷ್ಟು ಇಳಿಯಿತು ಎಂಬುದನ್ನು ನಿರ್ಧರಿಸುವುದು ಹೊರಗೆ ಕೆಲಸ ನಡೆಯಿತೋ ಇಲ್ಲವೋ ಎಂಬುದು. ನಾವು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಒತ್ತಡ-ಗಾತ್ರದ ಗಾಮಾ ಸೂತ್ರ ಮೊದಲನೆಯದಕ್ಕೆ ಮಾತ್ರ, ಅದೂ ಪಿಸ್ಟನ್ ಗಡಿಬಿಡಿಯಿಲ್ಲದೆ ಸರಿದರೆ ಮಾತ್ರ ಅನ್ವಯಿಸುತ್ತದೆ.

ಹಾಗಾದರೆ ಫ್ರಿಜ್ಜನ್ನು ತಣ್ಣಗಾಗಿಸುವುದು ಯಾವುದು? ಹುಡುಗ ಹೇಳಿದ್ದೇ ಉತ್ತರ. ಹಿಂಬದಿಯ ಜಾಲರಿ ಕೊಳವೆಯಲ್ಲಿ ಅನಿಲ ತನ್ನ ಉಷ್ಣವನ್ನು ಕೋಣೆಗೆ ಕೊಟ್ಟು ದ್ರವವಾಗಿ, ದ್ರವವಾಗಿಯೇ ಕ್ಯಾಪಿಲರಿಯನ್ನು ಹೊಕ್ಕುತ್ತದೆ. ಕೊಳವೆಯ ಉದ್ದಕ್ಕೂ ಒತ್ತಡ ಇಳಿಯುತ್ತಾ ಹೋಗಿ, ಒಂದು ಹಂತದಲ್ಲಿ ಆ ದ್ರವಕ್ಕೆ ಆ ಒತ್ತಡದಲ್ಲಿ ದ್ರವವಾಗಿ ಉಳಿಯಲು ಆಗುವುದಿಲ್ಲ. ಕುದಿಯತೊಡಗುತ್ತದೆ. ಕುದಿಯಲು ಬೇಕಾದ ಗುಪ್ತೋಷ್ಣವನ್ನು ಮೊದಲು ತನ್ನಿಂದಲೇ ತೆಗೆದುಕೊಂಡು ತಾನೇ ತಣ್ಣಗಾಗುತ್ತದೆ. ಉಳಿದ ದ್ರವ ಫ್ರೀಜರಿನ ಕೊಳವೆಗಳಲ್ಲಿ ನಿಧಾನವಾಗಿ ಕುದಿಯುತ್ತಾ ನಮ್ಮ ಹಾಲು, ಸೊಪ್ಪು, ದೋಸೆಹಿಟ್ಟಿನ ಉಷ್ಣವನ್ನು ಹೀರುತ್ತದೆ.

ಆರ್-134ಎ ಎಂಬ ಶೈತ್ಯಕಾರಕವನ್ನು ತೆಗೆದುಕೊಳ್ಳಿ. ವಾತಾವರಣದ ಒತ್ತಡದಲ್ಲಿ ಅದರ ಕುದಿಯುವ ಬಿಂದು ಸೊನ್ನೆಗಿಂತ ಸುಮಾರು 26 ಡಿಗ್ರಿ ಕೆಳಗೆ. 40 ಡಿಗ್ರಿಯಲ್ಲಿ ಅದು ದ್ರವವಾಗಲು ವಾತಾವರಣದ ಸುಮಾರು 10 ಪಟ್ಟು ಒತ್ತಡ ಬೇಕು. 40 ಡಿಗ್ರಿಯ ದ್ರವ ಕ್ಯಾಪಿಲರಿ ದಾಟಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಸ್ಥಿತಿಗೆ ಬರುವಾಗ, ಪಟ್ಟಿಗಳ ಪ್ರಕಾರ ಲೆಕ್ಕ ಹಾಕಿದರೆ, ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಭಾಗ ಆವಿಯಾಗುತ್ತದೆ, ಮೂರು ಭಾಗ ದ್ರವವಾಗಿಯೇ ಉಳಿಯುತ್ತದೆ. ಆ ಮೂರು ಭಾಗವೇ ಫ್ರಿಜ್ಜಿನ ದುಡಿಮೆ. ಕಿಲೋಗ್ರಾಂಗೆ ಸುಮಾರು 130 ಕಿಲೋಜೂಲ್ ಉಷ್ಣ ಹೀರುತ್ತದೆ. ಆದರ್ಶ ಚಕ್ರದಲ್ಲಿ ಕಂಪ್ರೆಸರ್ ಸೇರಿಸುವ ಕೆಲಸ ಸುಮಾರು 40. ಎರಡೂ ಸೇರಿ 170 ಕಿಲೋಜೂಲ್ ಹಿಂಬದಿಯ ಜಾಲರಿಯಿಂದ ಕೋಣೆಗೆ ಬರಬೇಕು.

ಈ 170ರಲ್ಲೂ ಒಂದು ಪಾಠವಿದೆ. ಕಂಪ್ರೆಸರಿನೊಳಗೆ ನಡೆಯುವುದು ನಿಜವಾಗಿಯೂ ಅಡಿಯಾಬ್ಯಾಟಿಕ್ ಸಂಪೀಡನೆಗೆ ಹತ್ತಿರದ್ದು, ಅಲ್ಲಿ ಪಿಸ್ಟನ್ ಇದೆ, ಕೆಲಸ ಇದೆ. ನನ್ನ ಟಿಪ್ಪಣಿಯ ಮೊದಲ ವಾಕ್ಯ ಸರಿ. ಆದರೆ ಜಾಲರಿ ಹೊರಹಾಕುವ ಉಷ್ಣದಲ್ಲಿ ಬಿಸಿ ಅನಿಲ ತಣಿಯುವುದರಿಂದ ಬರುವ ಪಾಲು ಸಣ್ಣದು. ಸುಮಾರು 160 ಕಿಲೋಜೂಲ್ ಬರುವುದು ಆವಿ ದ್ರವವಾಗುವಾಗ ಬಿಟ್ಟುಕೊಡುವ ಗುಪ್ತೋಷ್ಣದಿಂದ. ಕೋಣೆ ಬಿಸಿಮಾಡುವ, ನೀರು ಕಾಯಿಸುವ ಹೀಟ್ ಪಂಪ್ ಕೂಡ ಇದೇ ಚಕ್ರ, ನಾವು ನಿಂತಿರುವ ಕಡೆ ಮಾತ್ರ ಬೇರೆ. ವಿದ್ಯುತ್ ಸುರುಳಿ ಒಂದು ಯೂನಿಟ್ ತಿಂದು ಒಂದು ಯೂನಿಟ್ ಉಷ್ಣ ಕೊಟ್ಟರೆ, ಹೀಟ್ ಪಂಪ್ ಹೊರಗಿನ ಗಾಳಿಯಿಂದ ಹೀರಿದ್ದನ್ನೂ ಸೇರಿಸಿ ಅದಕ್ಕಿಂತ ಹೆಚ್ಚು ಕೊಡುವುದು ಇದರಿಂದಲೇ.

ನನಗೆ ಹೆಚ್ಚು ನೋವಾದದ್ದು ಎಲ್ಲಿ ಗೊತ್ತೇ? ಆ ದಿನದ ಪಾಠವೇ ಗುಪ್ತೋಷ್ಣದ ಪಾಠ. ಅಂಗೈಯ ಸ್ಪಿರಿಟ್, ಮಡಕೆ, ಫ್ರಿಜ್ ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು. ಮಕ್ಕಳು ಅರ್ಧ ಗಂಟೆ ಕಟ್ಟಿಕೊಂಡ ತಿಳಿವಳಿಕೆಯನ್ನು ಬದಿಗಿಟ್ಟು, ಅವರಿಗೆ ಇನ್ನೂ ಬಾರದ, ಇಲ್ಲಿಗೆ ಹೊಂದದ ಒಂದು ದೊಡ್ಡ ಹೆಸರನ್ನು ನನ್ನ ಟಿಪ್ಪಣಿ ಅವರ ಮೇಲೆ ಹೇರಿತು.

ಉದಾಹರಣೆಗಳನ್ನೂ ಮತ್ತೆ ಜರಡಿ ಹಿಡಿದೆ. ಮದುವೆ ಅಡುಗೆಯವರ ದೊಡ್ಡ ಗ್ಯಾಸ್ ಸಿಲಿಂಡರಿನ ಕೆಳಭಾಗದಲ್ಲಿ ಬೆವರು, ಕೆಲವೊಮ್ಮೆ ಹಿಮ ಕಟ್ಟುತ್ತದೆ. ಇದನ್ನು ನಾನು ಅನಿಲದ ವಿಕಾಸಕ್ಕೆ ಉದಾಹರಣೆಯಾಗಿ ಕೊಟ್ಟಿದ್ದೆ. ತಪ್ಪು. ಒಳಗಿನ ದ್ರವ ಕುದಿಯುತ್ತಿದೆ. ಬೆವರಿನ ಗೆರೆ ಎಲ್ಲಿಯವರೆಗೆ ಇದೆಯೋ ಹೆಚ್ಚುಕಡಿಮೆ ಅಲ್ಲಿಯವರೆಗೆ ದ್ರವ ಇದೆ ಎಂದು ಅಡುಗೆಯವರೇ ಹೇಳುತ್ತಾರೆ. ದ್ರವರೂಪದ ಅನಿಲ ತುಂಬಿದ ಸ್ಪ್ರೇ ಡಬ್ಬಿ ಕೈಯಲ್ಲಿ ತಣ್ಣಗಾಗುವುದೂ ಇದೇ ಕಾರಣಕ್ಕೆ.

ಬಾಯಗಲಿಸಿ 'ಹಾ' ಎಂದರೆ ಬಿಸಿಯುಸಿರು, ತುಟಿ ಕಿರಿದು ಮಾಡಿ 'ಫೂ' ಎಂದರೆ ತಂಪುಸಿರು. ಇದನ್ನು ಅಡಿಯಾಬ್ಯಾಟಿಕ್ ವಿಕಾಸ ಎಂದು ತೋರಿಸುವವರು ಬಹಳ, ನಾನೂ ಅವರಲ್ಲೊಬ್ಬನಾಗಿದ್ದೆ. ಲೆಕ್ಕ ಮಾಡಿ ನೋಡಿ. ಉಸಿರಿನ ವೇಗ ಸೆಕೆಂಡಿಗೆ 20 ಮೀಟರ್ ಎಂದಿಟ್ಟುಕೊಂಡರೂ ವಿಕಾಸದಿಂದ ಇಳಿಯುವ ತಾಪ ಸುಮಾರು 0.2 ಡಿಗ್ರಿ. ಚರ್ಮಕ್ಕೆ ಅದು ತಿಳಿಯುವುದೇ ಇಲ್ಲ. ನಿಜವಾದ ಕಾರಣ, ವೇಗದ ಉಸಿರು ಸುತ್ತಲಿನ ತಣ್ಣನೆಯ ಗಾಳಿಯನ್ನು ಎಳೆದುಕೊಂಡು ಬರುತ್ತದೆ, ಚರ್ಮದ ತೇವವನ್ನೂ ಆರಿಸುತ್ತದೆ. ಅಂಗೈಯನ್ನು ತುಟಿಗೆ ತೀರಾ ಹತ್ತಿರ ತಂದು 'ಫೂ' ಎನ್ನಿ, ಬೆಚ್ಚಗಿರುತ್ತದೆ. ಮಕ್ಕಳು ಇದನ್ನು ಒಂದೇ ನಿಮಿಷದಲ್ಲಿ ಮಾಡಿ ನೋಡಬಹುದು.

ಹಾಗಾದರೆ ನಿಜವಾದ ಉದಾಹರಣೆ ಇಲ್ಲವೇ? ಇದೆ, ಸೊಗಸಾದದ್ದೇ ಇದೆ. ಗೋಲಿ ಸೋಡಾ. ಗೋಲಿಯನ್ನು ಒತ್ತಿ ಕೆಳಗಿಳಿಸಿದ ಕ್ಷಣ ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ಮಂಜು ಏಳುತ್ತದಲ್ಲ, ಅದು. ಒಳಗೆ ಒತ್ತಿಕೊಂಡಿದ್ದ ಅನಿಲ ತನ್ನ ಮುಂದಿನ ಅನಿಲವನ್ನು ಹೊರಗೆ ತಳ್ಳುತ್ತಾ ಹಿಗ್ಗಿತು, ಕೆಲಸ ಮಾಡಿತು, ತಣ್ಣಗಾಯಿತು, ಅದರಲ್ಲಿದ್ದ ನೀರಾವಿ ಹನಿಯಾಯಿತು. ಸೈಕಲ್ ಟ್ಯೂಬಿನ ಹೋಲಿಕೆ ಕೂಡ ಈ ಅರ್ಥದಲ್ಲಿ ಪೂರ್ತಿ ಸುಳ್ಳಲ್ಲ, ಒಳಗೆ ಉಳಿದ ಗಾಳಿ ಹೊರಹೋಗುವ ಗಾಳಿಯನ್ನು ತಳ್ಳಿ ತಣ್ಣಗಾಗುತ್ತದೆ. ಸುಳ್ಳಾದದ್ದು ಅದನ್ನು ಫ್ರಿಜ್ಜಿಗೆ ಅಂಟಿಸಿದ್ದು. ಪಾಠಕ್ಕೆ ಸೋಡಾ ಸಿಗದಿದ್ದರೆ ಪ್ಲಾಸ್ಟಿಕ್ ನೀರಿನ ಬಾಟಲಿ ಸಾಕು. ತಳದಲ್ಲಿ ಒಂದು ಚಮಚ ನೀರು, ಒಂದಿಷ್ಟು ಊದಿನಕಡ್ಡಿಯ ಹೊಗೆ, ಮುಚ್ಚಳ ಬಿಗಿ ಮಾಡಿ ಎರಡೂ ಕೈಯಿಂದ ಹಿಂಡಿ ಥಟ್ಟನೆ ಬಿಡಿ. ಬಿಟ್ಟಾಗ ಮೋಡ, ಹಿಂಡಿದಾಗ ಮಾಯ. ಆಗುಂಬೆಯ ಕಡೆ ಘಟ್ಟ ಹತ್ತುವ ಕಡಲಗಾಳಿಗೆ ಆಗುವುದೂ ಇದೇ. ಮೋಡ ಕಟ್ಟುವ ಮೊದಲು ಅದು ಕಿಲೋಮೀಟರ್ ಏರಿಕೆಗೆ ಹತ್ತಿರ ಹತ್ತಿರ 10 ಡಿಗ್ರಿ ತಣಿಯುತ್ತದೆ.

ಗಾಳಿಯನ್ನೇ ಹಿಗ್ಗಿಸಿ ತಂಪು ಮಾಡುವ ಯಂತ್ರಗಳೂ ಇದ್ದವು. ಅಮೆರಿಕದ ಫ್ಲಾರಿಡಾದ ಅಪಲಾಚಿಕೋಲಾ ಎಂಬ ಊರಿನ ವೈದ್ಯ ಜಾನ್ ಗೋರಿ ಜ್ವರದ ರೋಗಿಗಳ ಕೋಣೆ ತಂಪು ಮಾಡಬೇಕೆಂಬ ಹಂಬಲದಿಂದ ಗಾಳಿಯನ್ನು ಒತ್ತಿ, ತಣಿಸಿ, ಪಿಸ್ಟನ್ ತಳ್ಳಿಸಿ ಹಿಗ್ಗಿಸುವ ಮಂಜುಗಡ್ಡೆಯ ಯಂತ್ರ ಕಟ್ಟಿ 1851ರಲ್ಲಿ ಪೇಟೆಂಟ್ ಪಡೆದ. ಅದರಿಂದ ಒಂದು ಕಾಸೂ ಕಾಣದೆ 1855ರಲ್ಲಿ ತೀರಿಕೊಂಡ. ಬೆಲ್-ಕೋಲ್ಮನ್ ಎಂಬ ಗಾಳಿಯಂತ್ರ ಹೊತ್ತ ಸ್ಟ್ರಾತ್‌ಲೆವೆನ್ ಹಡಗು 1879ರ ಕೊನೆಯಲ್ಲಿ ಆಸ್ಟ್ರೇಲಿಯಾ ಬಿಟ್ಟು 1880ರ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿಸಿದ ಮಾಂಸವನ್ನು ಕೆಡದಂತೆ ಲಂಡನ್ನಿಗೆ ಮುಟ್ಟಿಸಿತು. ಆಮೇಲೆ ಈ ಯಂತ್ರಗಳು ಹಿಂದೆ ಸರಿದವು. ಕಾರಣ ಮತ್ತದೇ ಗುಪ್ತೋಷ್ಣ: 30 ಡಿಗ್ರಿ ತಣಿದ ಒಂದು ಕಿಲೋಗ್ರಾಂ ಗಾಳಿ ಸುಮಾರು 30 ಕಿಲೋಜೂಲ್ ಹೀರಿದರೆ, ಕುದಿಯುವ ಶೈತ್ಯಕಾರಕ ಅದರ ನಾಲ್ಕು ಪಟ್ಟು ಹೀರುತ್ತದೆ. ವಿಮಾನಗಳಲ್ಲಿ ಮಾತ್ರ ಗಾಳಿಯಂತ್ರ ಉಳಿದಿದೆ. ಎಂಜಿನ್ನಿನಲ್ಲಿ ಒತ್ತಿದ ಗಾಳಿ ಹೇಗೂ ಇರುತ್ತದೆ, ಅದನ್ನು ಸಣ್ಣ ಟರ್ಬೈನ್ ತಿರುಗಿಸುತ್ತಾ ಹಿಗ್ಗಿಸಿ ಪ್ರಯಾಣಿಕರ ಕಡೆಗೆ ಬಿಡುತ್ತಾರೆ. ಟರ್ಬೈನ್ ತಿರುಗುತ್ತದೆ, ಅಂದರೆ ಕೆಲಸ ನಡೆಯುತ್ತದೆ. ಅಡಿಯಾಬ್ಯಾಟಿಕ್ ವಿಕಾಸದ ತಂಪನ್ನು ನೋಡಬೇಕೆಂದರೆ ಅಡುಗೆಮನೆ ಬಿಟ್ಟು ವಿಮಾನ ಹತ್ತಬೇಕು ಎಂದು ಈಗ ತರಗತಿಯಲ್ಲಿ ಹೇಳುತ್ತೇನೆ.

ಮರುದಿನ ಪ್ರಶಿಕ್ಷಣಾರ್ಥಿಗೆ ಇದನ್ನೆಲ್ಲ ಹೇಳಿ, ತಪ್ಪು ನನ್ನ ಟಿಪ್ಪಣಿಯದು ಎಂದು ವೀಕ್ಷಣಾ ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾನು ಅವನನ್ನ ಕೂರಿಸಿಬಿಟ್ಟೆ" ಎಂದರು. ಟಿಪ್ಪಣಿ ನನ್ನದಾದರೂ ಕೂರಿಸಿದ್ದು ತಾನು ಎಂಬುದನ್ನು ಅವರು ನನಗೆ ಬಿಟ್ಟುಕೊಡಲಿಲ್ಲ. ಮುಂದಿನ ಅವಧಿಯ ಮೊದಲ ಹತ್ತು ನಿಮಿಷವನ್ನು ಇದಕ್ಕೇ ಕೇಳಿಕೊಂಡರು. ಶಾಲೆಯ ವಿಜ್ಞಾನ ಶಿಕ್ಷಕರು ಒಪ್ಪಿದರು.

"ನಿನ್ನೆ ನಾನು ಹೇಳಿದ್ದು ತಪ್ಪು, ಇವನು ಹೇಳಿದ್ದು ಸರಿ" ಎಂದು ಶುರುಮಾಡಿ, ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟರು. ಅವನು ಫ್ರಿಜ್ಜಿನ ಚಿತ್ರ ಬರೆದು, ಎಲ್ಲಿ ಗ್ಯಾಸ್ ಎಲ್ಲಿ ಲಿಕ್ವಿಡ್ ಎಂದು ಗುರುತು ಹಾಕಿದ. ಕ್ಯಾಪಿಲರಿಯ ಮುಂಚೆ ಒಂದು ಉಬ್ಬು ಬರೆದು 'ಡ್ರೈಯರ್' ಎಂದ. ನನ್ನ ಟಿಪ್ಪಣಿಯಲ್ಲಿ ಅದು ಇರಲೇ ಇಲ್ಲ. ಆಮೇಲೆ ಅವನೇ ಕೇಳಿದ: "ಮಿಸ್, ಒಳಗೆ ನೀರಿನ ಪಸೆ ಉಳಿದ್ರೆ ಕ್ಯಾಪಿಲರಿ ಚೋಕ್ ಆಗುತ್ತೆ. ಆದ್ರೆ ಯಾವಾಗ್ಲೂ ಕೊನೇಲೇ ಆಗುತ್ತೆ, ಫ್ರೀಜರ್‌ಗೆ ಸೇರೋ ಕಡೆ. ಶುರುವಿನಲ್ಲಿ ಯಾಕೆ ಆಗಲ್ಲ? ಮಾವನ್ನ ಕೇಳಿದ್ರೆ ಅದು ಹಂಗೇ ಅಂತಾರೆ."

ಪ್ರಶಿಕ್ಷಣಾರ್ಥಿ ಈ ಸಲ ನನ್ನ ಕಡೆ ನೋಡಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು ಕ್ಯಾಪಿಲರಿಯ ಉದ್ದಕ್ಕೂ ಸಾಗಿದರು. ಇಲ್ಲಿ ಒತ್ತಡ ಇನ್ನೂ ಹೆಚ್ಚಿದೆ, ದ್ರವ ಕುದಿಯುತ್ತಿಲ್ಲ, ಬೆಚ್ಚಗೇ ಇದೆ, ನೀರು ಹೆಪ್ಪುಗಟ್ಟಲಾರದು. ಇಲ್ಲಿಂದ ಕುದಿತ ಶುರು, ತಾಪ ಇಳಿಯುತ್ತಿದೆ. ಇಲ್ಲಿ, ಕೊನೆಯಲ್ಲಿ, ಸೊನ್ನೆಗಿಂತ ಕೆಳಗೆ. "ಹಾಗಾದ್ರೆ ಮಂಜುಗಡ್ಡೆ ಎಲ್ಲಿ ಕಟ್ಟಬೇಕು?"

"ಕೊನೇಲಿ" ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು. ಹುಡುಗ ಆಗಲೇ ತನ್ನ ಚಿತ್ರದಲ್ಲಿ ಆ ಜಾಗಕ್ಕೆ ಒಂದು ಸೊನ್ನೆ ಸುತ್ತುತ್ತಿದ್ದ.